ಬ್ರಾಯ್ಲರ್ ಕೋಳಿ, ಹಾರ್ಮೋನ್ ಮತ್ತು ಕಿಡ್ನಿ: ಸತ್ಯಾಂಶ

ತೀರ್ಥಹಳ್ಳಿ, ಸಾಗರದ ಕಡೆ ಮಳೆ ಹಿಡಿದು ಕಡುಬು-ಕೋಳಿಸಾರಿನ ದಿನಗಳು ಬಂದಂತೆ ವಾಟ್ಸಾಪ್‌ಗೆ ಆ ಹಳೇ ಸಂದೇಶವೂ ಬರುತ್ತದೆ: ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆ, ತಿಂದರೆ ಕಿಡ್ನಿ, ಲಿವರ್ ಹೋಗುತ್ತದೆ ಎಂದು.

ಹಾರ್ಮೋನ್ ಮಾತು ಸುಳ್ಳು. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನ್. ಆಹಾರದಲ್ಲಿ ಬೆರೆಸಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ಸಾವಿರಾರು ಕೋಳಿಗಳ ಶೆಡ್ಡಿನಲ್ಲಿ ಒಂದೊಂದನ್ನೇ ಹಿಡಿದು ದಿನವೂ ಚುಚ್ಚುವುದು ಯಾವ ಸಾಕಣೆದಾರರಿಗೂ ಗಿಟ್ಟುವುದಿಲ್ಲ. ಆರು ವಾರದಲ್ಲಿ ಎರಡು ಕಿಲೋ ದಾಟುವುದು ತಳಿಯಿಂದ, ಮೆಕ್ಕೆಜೋಳ-ಸೋಯಾ ಆಹಾರದಿಂದ.

ಹಾಗಂತ ಆತಂಕಕ್ಕೆ ಕಾರಣವೇ ಇಲ್ಲವೆಂದಲ್ಲ. ಬೇಗ ಬೆಳೆಯಲೆಂದು ಆಹಾರಕ್ಕೆ ಆಂಟಿಬಯಾಟಿಕ್ ಬೆರೆಸುವ ರೂಢಿ ನಿಜ. ಹಾಗೆ ಬಳಸುತ್ತಿದ್ದ ಕೊಲಿಸ್ಟಿನ್, ಮನುಷ್ಯರಿಗೆ ಚಿಕಿತ್ಸೆಯ ಪ್ರಮಾಣದಲ್ಲಿ ಚುಚ್ಚಿದಾಗ ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಮಾಂಸದಲ್ಲಿ ಉಳಿಯಬಹುದಾದ ಅಂಶ ಅದಕ್ಕಿಂತ ಬಹಳ ಕಡಿಮೆ. ನನ್ನ ಚಿಂತೆಯೇ ಬೇರೆ: ಹೀಗೆ ಆಂಟಿಬಯಾಟಿಕ್ ಕೊಡುತ್ತಾ ಹೋದರೆ ಹುಟ್ಟಿಕೊಳ್ಳುವ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ. ಆ ಕಾರಣಕ್ಕೇ ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಯುರೋಪಿನ ಒಕ್ಕೂಟ ಬೆಳವಣಿಗೆಗೆ ಆಂಟಿಬಯಾಟಿಕ್ ಬಳಸುವುದನ್ನು 2006ರಲ್ಲೇ ನಿಲ್ಲಿಸಿತ್ತು.

ಇಂಥ ಸಂದೇಶ ಬಂದರೆ ಅದರಲ್ಲಿ ಔಷಧದ ಹೆಸರು, ಪ್ರಮಾಣ ಇದೆಯೇ ನೋಡಿ. ಹತ್ತಿರದ ಫಾರಂನಲ್ಲಿ ಆಹಾರದ ಚೀಲದ ಲೇಬಲ್ ಓದಿ. ಔಷಧ ಕೊಟ್ಟ ಮೇಲೆ ಎಷ್ಟು ದಿನ ಬಿಟ್ಟು ಮಾರುತ್ತೀರಿ ಎಂದು ಕೇಳಿ. ಆ ಅವಧಿ ಸರಿಯಿದೆಯೇ ಎಂದು ತಾಲ್ಲೂಕಿನ ಪಶು ಆಸ್ಪತ್ರೆಯ ಡಾಕ್ಟರನ್ನು ವಿಚಾರಿಸಬಹುದು.