ಲಾನ್ ಮೋವರ್ ಸ್ಟಾರ್ಟ್ ಆಗದಿದ್ದರೆ ಸ್ಕ್ರೂಡ್ರೈವರ್ ಇಡಬೇಡಿ

ಕೂತು ಓಡಿಸುವ ಲಾನ್ ಮೋವರ್ ಕೀ ತಿರುಗಿಸಿದಾಗ ಬರೀ ಟಕ್ ಅಂದರೆ ಸ್ಟಾರ್ಟರ್ ಮೋಟರ್ ಹೋಗಿದೆ, ಬ್ಯಾಟರಿ ಕರೆಂಟನ್ನು ಆ ಮೋಟರಿಗೆ ಬಿಡುವ ಸ್ವಿಚ್ ಆದ ಸೊಲೆನಾಯ್ಡ್‌ನ ಎರಡು ಬೋಲ್ಟಿಗೂ ಸ್ಕ್ರೂಡ್ರೈವರ್ ತಾಗಿಸಿ ಸ್ಟಾರ್ಟ್ ಮಾಡಿ ಅನ್ನೋ ಮೆಸೇಜು ದೇವನಹಳ್ಳಿ, ವೈಟ್‌ಫೀಲ್ಡ್ ಕಡೆಯ ಲೇಔಟ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಮೊದಲನೆಯದು ಅವಸರದ ಮಾತು, ಎರಡನೆಯದು ಅಪಾಯ.

ಟಕ್ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಬ್ಯಾಟರಿ. ಮಲ್ಟಿಮೀಟರ್ ಹಿಡಿದು ನೋಡಿ, ಫುಲ್ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸುತ್ತದೆ, 12ಕ್ಕಿಂತ ಕಮ್ಮಿ ಇದ್ದರೆ ಚಾರ್ಜಿಗೆ ಹಾಕಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದೆಯಾ? ಮಳೆಗಾಲವೆಲ್ಲ ಶೆಡ್ಡಲ್ಲಿ ನಿಂತ ಗಾಡಿಗೆ ಇದು ಮಾಮೂಲಿ. ನೆಗೆಟಿವ್ ವೈರ್ ಮೊದಲು ಬಿಚ್ಚಿ, ಉಜ್ಜಿ, ಬಿಗಿಯಾಗಿ ಹಾಕಿ. ಸುಮ್ನೆ ಹೊಸ ಮೋಟರಿಗೆ ದುಡ್ಡು ಸುರಿಯೋದು ಆಮೇಲೆ.

ಟಕ್ ಕೂಡ ಇಲ್ಲವಾ? ಫ್ಯೂಸ್ ನೋಡಿ. ಬ್ರೇಕ್ ಪೂರ್ತಿ ಒತ್ತಿದ್ದೀರಾ, ಬ್ಲೇಡ್ ಸ್ವಿಚ್ ಆಫ್ ಇದೆಯಾ, ಸೀಟಿನ ಕೆಳಗಿನ ವೈರ್ ಕಳಚಿಲ್ಲ ಅಲ್ವಾ ಅಂತಲೂ ನೋಡಿ. ಇವೆಲ್ಲ ಸೇಫ್ಟಿಗೆ ಅಂತಲೇ ಇರುವ ಸ್ವಿಚ್‌ಗಳು.

ಸ್ಕ್ರೂಡ್ರೈವರ್ ತಾಗಿಸಿದರೆ ಈ ಕಾವಲನ್ನೇ ದಾಟಿ ಕರೆಂಟ್ ಹರಿಯುತ್ತದೆ. ಗಾಡಿ ಗೇರಿನಲ್ಲಿದ್ದರೆ ಪಕ್ಕದಲ್ಲಿ ನಿಂತವರ ಮೇಲೇ ನುಗ್ಗಬಹುದು, ಜೊತೆಗೆ ಪೆಟ್ರೋಲ್ ಟ್ಯಾಂಕಿನ ಹತ್ತಿರ ಕಿಡಿ ಬೇರೆ.

ಇನ್ನು ಎಂಜಿನ್ ಗಿರಗಿರ ತಿರುಗಿಯೂ ಹತ್ತಿಕೊಳ್ಳದಿದ್ದರೆ ಅದು ಸ್ಟಾರ್ಟರ್ ತಪ್ಪೇ ಅಲ್ಲ. ತಿಂಗಳುಗಟ್ಟಲೆ ಟ್ಯಾಂಕಲ್ಲಿ ಉಳಿದ ಪೆಟ್ರೋಲ್ ಕೆಟ್ಟಿರುತ್ತದೆ, ಎಥನಾಲ್ ಬೆರೆತಿರೋದರಿಂದ ತೇವವನ್ನೂ ಎಳೆದುಕೊಳ್ಳುತ್ತದೆ. ಅದನ್ನು ತೆಗೆದು ಹೊಸದು ಹಾಕಿ, ಆಗಲೂ ಹತ್ತದಿದ್ದರೆ ಕಾರ್ಬುರೇಟರ್ ಕ್ಲೀನ್ ಮಾಡಿಸಿ.