ತಮಟೆಯವರಿಗೆ ಸರ್ವಿಸ್ ಲಿಫ್ಟ್

ದಾವೆ ಗೆದ್ದಿರಾ? ಅಭಿನಂದನೆ. ನಿಮ್ಮ ಕಷ್ಟ ಈಗ ಶುರು. ಇದು ನನ್ನ ಕುಹಕ ಅಲ್ಲ. ಡಿಕ್ರಿ, ಅಂದರೆ ಗೆದ್ದವನ ಪರ ಕೋರ್ಟಿನ ಆದೇಶ, ಕೈಗೆ ಬಂದ ಮೇಲೇ ಭಾರತದ ಕಕ್ಷಿದಾರನ ತೊಂದರೆಗಳು ಶುರುವಾಗುತ್ತವೆ ಎಂದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ನಮ್ಮವರು ಅದನ್ನು ಆದೇಶ ಅಂದುಕೊಂಡು ಇವತ್ತಿಗೂ ಚಾಚೂತಪ್ಪದೆ ಪಾಲಿಸುತ್ತಿದ್ದಾರೆ.

ನಿಮ್ಮ ದುಡ್ಡು ವಸೂಲಾಗಲು ಸೋತ ಸಾಲಗಾರನ ಆಸ್ತಿ ಹರಾಜಾಗಬೇಕು ಅನ್ನಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆರ್ಡರ್ ಪ್ರಕಾರ ಮೊದಲು ಜಪ್ತಿ, ಆಮೇಲೆ ಹರಾಜಿನ ಘೋಷಣೆ. ಎರಡನ್ನೂ ಜಾಗದ ಹತ್ತಿರ ತಮಟೆ ಬಡಿದೋ, ರೂಢಿಯ ಬೇರೆ ರೀತಿಯಲ್ಲೋ ಸಾರಬೇಕು. ಕೋರ್ಟಿನ ಭಾಷೆಯಲ್ಲಿ ಟಾಂಟಾಂ.

ಆಸ್ತಿ ಬೆಂಗಳೂರಿನ ಹದಿನಾಲ್ಕನೇ ಮಹಡಿಯ ಫ್ಲ್ಯಾಟ್ ಆದರೆ? ಜಪ್ತಿ ಮಾಡುವ ಕೋರ್ಟಿನ ಸಿಬ್ಬಂದಿ, ಅಮೀನರು, ತಮಟೆಯವನ ಜೊತೆ ಗೇಟಿಗೆ ಬಂದರು ಎಂದುಕೊಳ್ಳಿ.

"ಡೆಲಿವರಿನಾ ಸರ್?"

"ಅಲ್ಲಪ್ಪ, ಜಪ್ತಿ."

"ಆ್ಯಪಲ್ಲಿ ಓನರ್ ಓಕೆ ಮಾಡ್ಬೇಕು ಸರ್. ತಮಟೆಯೋರು ಸರ್ವಿಸ್ ಲಿಫ್ಟಲ್ಲಿ ಹೋಗ್ಲಿ."

ಓಕೆ ಮಾಡಬೇಕಾದ ಓನರ್ ಯಾರು? ಅದೇ ಸಾಲಗಾರ.

ಹೇಗೋ ಟಾಂಟಾಂ ಆಯ್ತು. ಅಷ್ಟರಲ್ಲಿ ಹರಾಜು 30 ದಿನಕ್ಕಿಂತ ಜಾಸ್ತಿ ಮುಂದೆ ಹೋಯಿತೋ, ಹೊಸ ಘೋಷಣೆ, ಮತ್ತೆ ತಮಟೆ. ಸಾಲಗಾರ 'ಬೇಡ ಬಿಡಿ' ಅಂದರೆ ಮಾತ್ರ ವಿನಾಯಿತಿ. ಅವನ್ಯಾಕೆ ಬೇಡ ಅಂತಾನೆ?

ಇನ್ನು ಕೊಳ್ಳುವವನ ಪಾಡು. ಸವಾಲು ನಿಂತ ಕೂಡಲೇ 25% ದುಡ್ಡು ಕಟ್ಟಬೇಕು. ಉಳಿದದ್ದು 15 ದಿನದೊಳಗೆ. ಒಂದು ದಿನ ತಡವಾದರೂ ಕೋರ್ಟು ಕ್ಷಮಿಸುವ ಹಾಗಿಲ್ಲ, ಮರುಹರಾಜು. ಕಟ್ಟಿದ ದುಡ್ಡೂ ಮುಳುಗಬಹುದು. ಆದರೆ ಸಾಲಗಾರನಿಗೆ 60 ದಿನ ಪುರುಸೊತ್ತಿದೆ. ಬಾಕಿ ಹಣ, ಜೊತೆಗೆ ಕೊಂಡವನಿಗೆ ಹರಾಜು ಬೆಲೆಯ 5% ಕಟ್ಟಿದರೆ ಹರಾಜೇ ರದ್ದು. ದುಡ್ಡಿಲ್ಲವೇ? ಚಿಂತೆಯಿಲ್ಲ. ಘೋಷಣೆ ಸರಿಯಾಗಿ ಆಗಿಲ್ಲ, ಆಸ್ತಿ ಕಡಿಮೆಗೆ ಹೋಯಿತು, ನನಗೆ ಭಾರೀ ನಷ್ಟ ಅಂತ ಒಂದು ಅರ್ಜಿ ಹಾಕಬಹುದು. ಅದು ತೀರುವ ತನಕ ಹರಾಜು ಕಾಯಂ ಆಗೋದಿಲ್ಲ. ಪೂರ್ತಿ ದುಡ್ಡು ಕಟ್ಟಿದವನು ಬಾಡಿಗೆ ಮನೆಯಲ್ಲಿ ಕೂತು ವಾಯಿದೆ ಎಣಿಸುತ್ತಾನೆ. ಸಾಲಗಾರ ಹದಿನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾನೆ.

ಇದನ್ನೆಲ್ಲ ನೋಡಿ ಸಾಕಾಗಿ ಸುಪ್ರೀಂ ಕೋರ್ಟು 2021ರಲ್ಲಿ, ಅಮಲ್ಜಾರಿ ಅರ್ಜಿಗಳನ್ನು, ಅಂದರೆ ಡಿಕ್ರಿ ಜಾರಿ ಮಾಡಿಸಿ ಅಂತ ಗೆದ್ದವರು ಹಾಕುವ ಅರ್ಜಿಗಳನ್ನು, ಆರು ತಿಂಗಳಲ್ಲಿ ಮುಗಿಸಿ ಎಂದಿತು. 2025ರಲ್ಲಿ ಲೆಕ್ಕ ಕೇಳಿದರೆ ದೇಶದಲ್ಲಿ ಬಾಕಿ ಇದ್ದದ್ದು ಸುಮಾರು 8.8 ಲಕ್ಷ. ಈಗ ಸುಪ್ರೀಂ ಕೋರ್ಟಿನ ಆ ಆದೇಶದ ಅಮಲ್ಜಾರಿಗೆ ಅರ್ಜಿ ಯಾರು ಹಾಕೋದು?