ಹೊಗೆಯೂ ಬೆಸೆದ ಸ್ನೇಹ

ನದಿಯ ಚೆಲುವೇ ಕವಿಗಳನ್ನೂ ಚಿತ್ರಕಾರರನ್ನೂ ಹತ್ತಿರ ತರುತ್ತದೆ ಎಂದು, ಅವರ ಒಡನಾಟದ ಬಗೆಗಿನ ಲೇಖನವೊಂದರಲ್ಲಿ ಲೇಖಕರು ಹೇಳಿದ ಮಾತನ್ನು ಒಪ್ಪುತ್ತಲೇ, ಕೊಳೆಗೂ ಅದರಲ್ಲಿ ಪಾಲಿದೆ ಎಂದು ಸೇರಿಸಬಯಸುತ್ತೇನೆ. ಲಂಡನ್ನಿನ ಥೇಮ್ಸ್ ನದಿಯನ್ನು ಮತ್ತೆ ಮತ್ತೆ ಚಿತ್ರಿಸಿದ ಚಿತ್ರಕಾರ ವಿಸ್ಲರ್, 1885ರ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ, ಸಂಜೆಯ ಮಂಜು ನದೀತೀರಕ್ಕೆ ಕಾವ್ಯದ ಮುಸುಕು ಹೊದಿಸಿದಾಗ ಎತ್ತರದ ಚಿಮಣಿಗಳು ಗಂಟೆಗೋಪುರಗಳಾಗಿಯೂ ಉಗ್ರಾಣಗಳು ಅರಮನೆಗಳಾಗಿಯೂ ತೋರುವುದನ್ನು ವರ್ಣಿಸಿದರು. ಆ ಉಪನ್ಯಾಸವನ್ನು 1888ರಲ್ಲಿ ಫ್ರೆಂಚ್ ಭಾಷೆಗೆ ತಂದವರು ಫ್ರಾನ್ಸಿನ ಕವಿ ಮಲಾರ್ಮೆ. ಇಬ್ಬರನ್ನೂ ಪರಿಚಯಿಸಿದವರು, ಮುಂದೆ ಅದೇ ಥೇಮ್ಸ್ ಮೇಲಿನ ಮಬ್ಬನ್ನು ಹತ್ತಾರು ಚಿತ್ರಗಳಲ್ಲಿ ಹಿಡಿದ ಫ್ರೆಂಚ್ ಚಿತ್ರಕಾರ ಮೋನೆ. ವಿಸ್ಲರ್ ಮತ್ತು ಮಲಾರ್ಮೆಯವರ ಗೆಳೆತನ 1898ರಲ್ಲಿ ಮಲಾರ್ಮೆ ತೀರಿಕೊಳ್ಳುವವರೆಗೂ ಉಳಿಯಿತು. ಥೇಮ್ಸ್ ಮೇಲಿನ ಆ ಮಬ್ಬಿನಲ್ಲಿ ಕಲ್ಲಿದ್ದಲ ಹೊಗೆಯೂ ಧಾರಾಳವಾಗಿ ಬೆರೆತಿತ್ತು. ಊರಿನ ಜನರಿಗೆ ಕೆಮ್ಮು ತರಿಸಿದ್ದೇ ಕ್ಯಾನ್ವಾಸಿನ ಮೇಲೆ ಚೆಲುವಾಯಿತು ಎಂಬುದು, ಆ ಚಿತ್ರಗಳನ್ನು ಎಷ್ಟೇ ಮೆಚ್ಚಿದರೂ, ನನಗೆ ಕಸಿವಿಸಿಯ ಸಂಗತಿ. ಆದರೆ 1983ರಲ್ಲಿ ಛಾಯಾಗ್ರಾಹಕ ಪೀಟರ್ ಕೀನ್ ಅವರ ಚಿತ್ರಗಳೊಡನೆ ನದಿಯ ಕವಿತೆಗಳನ್ನು ಪ್ರಕಟಿಸಿದ ಇಂಗ್ಲಿಷ್ ಕವಿ ಟೆಡ್ ಹ್ಯೂಸ್ ಅಷ್ಟಕ್ಕೇ ನಿಲ್ಲಲಿಲ್ಲ. ಇಂಗ್ಲೆಂಡಿನ ಡೆವನ್ ಪ್ರದೇಶದ ನದಿಗಳ ಮಾಲಿನ್ಯದ ವಿರುದ್ಧ ದನಿಯನ್ನೂ ಎತ್ತಿದರು. ಇಂಥ ಒಡನಾಟಗಳಿಗೆ ಲೇಖನದಲ್ಲಿ ಇನ್ನಷ್ಟು ಜಾಗ ದೊರೆಯಬೇಕಿತ್ತು.